ಪರ್ಫ್ಯೂಮ್ ಬಾಟ್ಲಿ ಕೈಕೊಟ್ಟಾಗ: ತಪ್ಪು ಗಾಜಿನದಾ, ಬೇರೆಯದಾ?

ಪರ್ಫ್ಯೂಮ್ ಬಾಟ್ಲಿ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಗಾಜು. ಸೋರಿದರೂ ಗಾಜು ಸರಿ ಇಲ್ಲ, ಬಣ್ಣ ತಿರುಗಿದರೂ ಗಾಜು ಸರಿ ಇಲ್ಲ, ಲೇಬಲ್ ಕಿತ್ತು ಬಂದರೂ ಅದೇ ಮಾತು. ಆಮೇಲೆ ಹೋಗಿ ಇನ್ನೂ ದುಬಾರಿ ಗಾಜು ತರುತ್ತಾರೆ. ಅದೂ ಸೋರುತ್ತದೆ.

ಮುಂಬೈ ಸುತ್ತಿನ ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆ ಮನೆಯಲ್ಲೇ ಸಣ್ಣದಾಗಿ ಪರ್ಫ್ಯೂಮ್ ತುಂಬಿಸಿ ಮಾರುವ ನಮ್ಮ ಕನ್ನಡದವರು ಕೆಲವರು ನನಗೆ ಪರಿಚಯ. ಅವರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ: "ಅಣ್ಣಾ, ಬೋರೋಸಿಲಿಕೇಟ್ ತಗೊಳ್ಳಲಾ?" ಅದು ಲ್ಯಾಬಿನ ಸಾಮಾನಿಗೆ ಬಳಸುವ ದುಬಾರಿ ಗಾಜು. ನಾನು ಹೇಳುವುದೂ ಹೆಚ್ಚಾಗಿ ಒಂದೇ: ಬೇಡ, ಮೊದಲು ಬಾಟ್ಲಿಯ ಬಾಯಿ ನೋಡಿ. ದೋಷ ಎಲ್ಲಿದೆ ಅಂತ ಮನೆಯಲ್ಲಿರುವ ಸಾಮಾನಿನಿಂದಲೇ ಹುಡುಕಬಹುದು. ನಿಜಕ್ಕೂ ಗಾಜನ್ನೇ ಬದಲಿಸಬೇಕಾದ ಸಂದರ್ಭಗಳು ಇವೆ, ಆದರೆ ಕಡಿಮೆ.

ಕೈಯಲ್ಲಿರುವ ಗಾಜು ಯಾವುದು?

ಇದು ಗೊತ್ತಿಲ್ಲದೆ ಮುಂದಿನದೆಲ್ಲ ಊಹೆ. ಅಂಗಡಿಯವರನ್ನು ಕೇಳಿದರೆ "ಇಂಪೋರ್ಟೆಡ್ ಗ್ಲಾಸ್ ಹೈ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಗುಜರಾತಿನ ಕೋಸಂಬಾ, ಜಂಬೂಸರ್‌ನಲ್ಲೇ ಒಳ್ಳೆಯ ಪರ್ಫ್ಯೂಮ್ ಬಾಟ್ಲಿ ತಯಾರಾಗುತ್ತದೆ, ಹಾಗಾಗಿ ಹೊರದೇಶದ್ದು ಅಂದ ಮಾತ್ರಕ್ಕೆ ಹೆಚ್ಚು ಕೊಡಬೇಕಿಲ್ಲ.

ಮಾರುಕಟ್ಟೆಯ ಪರ್ಫ್ಯೂಮ್ ಬಾಟ್ಲಿಗಳಲ್ಲಿ ಬಹುಪಾಲು ಸೋಡಾ ಲೈಮ್ ಗಾಜು. ಮರಳು, ಸೋಡಾ, ಸುಣ್ಣದ ಕಲ್ಲು ಸೇರಿಸಿ ಸುಮಾರು 1500 ಡಿಗ್ರಿಯಲ್ಲಿ ಕರಗಿಸಿ ಮಾಡಿದ್ದು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಹಸಿರು ಛಾಯೆ ಬರುತ್ತದೆ. ಬಾಟ್ಲಿಯನ್ನು ಬಿಳಿ ಹಾಳೆಯ ಮೇಲೆ ಮಲಗಿಸಿ ದಪ್ಪ ಬುಡವನ್ನು ಅಡ್ಡದಿಂದ ನೋಡಿ, ಗೊತ್ತಾಗುತ್ತದೆ. ಎಕ್ಸ್‌ಟ್ರಾ ವೈಟ್ ಫ್ಲಿಂಟ್ ಅಂತ ಮಾರುವುದು ಕಬ್ಬಿಣ ತುಂಬಾ ಕಡಿಮೆ ಇರುವ ಗಾಜು. ಅದು ನೋಡಲು ಚೆಂದ, ಅಷ್ಟೆ. ಪರ್ಫ್ಯೂಮನ್ನು ಕಾಪಾಡುವುದರಲ್ಲಿ ಹಸಿರು ಛಾಯೆಯ ಗಾಜಿಗಿಂತ ಮೇಲೇನೂ ಅಲ್ಲ.

ಇನ್ನು ಪರೀಕ್ಷೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಣ ಬಾಟ್ಲಿಯನ್ನು ಮುಚ್ಚಳ, ಪಂಪ್ ಇಲ್ಲದೆ ತೂಗಿ. 150 ಗ್ರಾಂ ಬಂತು ಅನ್ನಿ. ಈಗ ಅರ್ಧ ನೀರಿರುವ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಬಾಟ್ಲಿಗೆ ದಾರ ಕಟ್ಟಿ, ಒಳಗೂ ನೀರು ತುಂಬಿ ಗುಳ್ಳೆ ಉಳಿಯದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ, ಬುಡಕ್ಕೆ ತಾಗಿಸಬೇಡಿ. ಬಾಟ್ಲಿಯೊಳಗಿನ ನೀರನ್ನು ಅದೇ ಪಾತ್ರೆಯಿಂದ ತುಂಬಿಸಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ತಕ್ಕಡಿ ಎಷ್ಟು ತೋರಿಸುತ್ತದೋ ಅದರಿಂದ 150ನ್ನು ಭಾಗಿಸಿ. 60 ತೋರಿಸಿದರೆ ಉತ್ತರ 2.5, ಅದು ಸೋಡಾ ಲೈಮ್. 67ರ ಹತ್ತಿರ ತೋರಿಸಿದರೆ ಉತ್ತರ 2.23, ಅದು ಬೋರೋಸಿಲಿಕೇಟ್. 52 ಅಥವಾ ಅದಕ್ಕಿಂತ ಕಡಿಮೆ ಬಂದರೆ ಉತ್ತರ 2.9ರ ಆಸುಪಾಸು ಅಥವಾ ಮೇಲೆ. ಆಗ ಲೆಡ್ ಕ್ರಿಸ್ಟಲ್, ಅಂದರೆ ಸೀಸದ ಲೋಹಾಂಶ ಬೆರೆಸಿದ ಗಾಜು, ಅಂತ ಅನುಮಾನ ಪಡಬೇಕು.

ಒಡೆದ ಚೂರು ಸಿಕ್ಕರೆ ಇನ್ನೂ ಸುಲಭ. ಮೆಡಿಕಲ್ ಅಂಗಡಿಯ ಗ್ಲಿಸರಿನ್‌ನಲ್ಲಿ ಮುಳುಗಿಸಿ. ಬೋರೋಸಿಲಿಕೇಟ್ ಚೂರು ಹೆಚ್ಚುಕಡಿಮೆ ಕಣ್ಣಿಗೇ ಕಾಣದೆ ಹೋಗುತ್ತದೆ, ಯಾಕೆಂದರೆ ಎರಡರಲ್ಲೂ ಬೆಳಕು ಬಾಗುವ ಪ್ರಮಾಣ ಒಂದೇ, 1.47. ಸೋಡಾ ಲೈಮ್‌ನದು 1.52, ಅದರ ಅಂಚು ಕಾಣುತ್ತಲೇ ಇರುತ್ತದೆ. ಕಡಲೆಕಾಯಿ ಎಣ್ಣೆಯಲ್ಲೂ ನಡೆಯುತ್ತದೆ.

ಕ್ರಿಸ್ಟಲ್ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಯುರೋಪಿನ 1969ರ ನಿಯಮದ ಪ್ರಕಾರ ಲೆಡ್ ಕ್ರಿಸ್ಟಲ್ ಅನ್ನಬೇಕಾದರೆ ಕನಿಷ್ಠ ಶೇ. 24 ಲೆಡ್ ಆಕ್ಸೈಡ್ ಇರಬೇಕು. ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹಳೆಯ ಕಟ್ ಗ್ಲಾಸ್ ಸೀಸೆಗಳು ಸಿಗುತ್ತವೆ, ತುಂಬಾ ಚೆನ್ನಾಗಿರುತ್ತವೆ, ಅತ್ತರ್ ಹಾಕಿ ಮಾರೋಣ ಅನ್ನಿಸುತ್ತದೆ. ತೂಕದ ಪರೀಕ್ಷೆ ಮಾಡದೆ ಹಾಕಬೇಡಿ. ಮೈಗೆ ಹಚ್ಚುವ ದ್ರವವನ್ನು ತಿಂಗಳುಗಟ್ಟಲೆ ಲೆಡ್ ಇರುವ ಗಾಜಿನಲ್ಲಿ ಇಡುವುದು ಬೇಡ. ಶೋಕೇಸಿನಲ್ಲಿ ಖಾಲಿ ಇಡಿ, ಚೆಂದ ಕಾಣಲಿ.

ಸೋರುತ್ತಿದೆ

ದೂರುಗಳಲ್ಲಿ ಇದೇ ಮೊದಲು. ಇಲ್ಲಿ ಗಾಜಿನ ಜಾತಿಗೂ ಸೋರಿಕೆಗೂ ಸಂಬಂಧವೇ ಇಲ್ಲ. ಸಂಬಂಧ ಇರುವುದು ಬಾಯಿಯ ಆಕಾರಕ್ಕೆ, ಪಂಪಿಗೆ, ಮತ್ತೆ ನೀವು ಎಷ್ಟು ತುಂಬಿಸಿದ್ದೀರಿ ಅನ್ನುವುದಕ್ಕೆ.

ತುಂಬಿಸಿದ್ದನ್ನೇ ಮೊದಲು ನೋಡಿ, ಖರ್ಚಿಲ್ಲದ ಕೆಲಸ. ಆಲ್ಕೋಹಾಲ್ ಬಿಸಿಗೆ ಚೆನ್ನಾಗಿ ಹಿಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ. 0.11. ಎಸಿ ಕೋಣೆಯಲ್ಲಿ 20 ಡಿಗ್ರಿಯಲ್ಲಿ ತುಂಬಿಸಿದ 100 ಮಿ.ಲೀ. ಪರ್ಫ್ಯೂಮ್, ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಟೆಂಪೋದಲ್ಲಿ ಭಿವಂಡಿ ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು 45 ಡಿಗ್ರಿ ಆದರೆ, ಹತ್ತಿರ ಹತ್ತಿರ 2.7 ಮಿ.ಲೀ. ಜಾಸ್ತಿಯಾಗುತ್ತದೆ. ಗಾಜು ಅದರ ಲೆಕ್ಕದಲ್ಲಿ ಹಿಗ್ಗುವುದೇ ಇಲ್ಲ ಅನ್ನಬಹುದು. ಮೇಲೆ ಜಾಗ ಬಿಟ್ಟಿಲ್ಲದಿದ್ದರೆ ಆ ದ್ರವ ಎಲ್ಲಿಗೆ ಹೋಗಬೇಕು? ವಾಷರ್ ತಳ್ಳಿಕೊಂಡು ಹೊರಗೆ ಬರುತ್ತದೆ. ಗಿರಾಕಿಗೆ ಕಡಿಮೆ ಕಾಣಬಾರದು ಅಂತ ಕತ್ತಿನವರೆಗೆ ತುಂಬಿಸುವವರ ಬಾಟ್ಲಿಗಳೇ ಜಾಸ್ತಿ ಸೋರುವುದು. ಬಾಟ್ಲಿ ಕೊಳ್ಳುವಾಗ "100 ಎಂಎಲ್" ಅನ್ನುವುದು ಅಂಚಿನವರೆಗಿನ ಅಳತೆಯೋ, ತುಂಬಿಸಬೇಕಾದ ಅಳತೆಯೋ ಅಂತ ಕೇಳಿ. ನೀರು ಹಾಕಿ ತೂಗಿ ನೋಡಿದರೆ ಇನ್ನೂ ಖಾತ್ರಿ.

ಜಾಗ ಬಿಟ್ಟೂ ಸೋರುತ್ತಿದೆ ಅಂದರೆ ಬಾಯಿಗೆ ಬನ್ನಿ. ಪರ್ಫ್ಯೂಮ್ ಬಾಟ್ಲಿಯಲ್ಲಿ ಎರಡು ಬಗೆ: ಸ್ಕ್ರೂ ಇರುವುದು, ಕ್ರಿಂಪ್ ಮಾಡುವುದು, ಅಂದರೆ ಪಂಪಿನ ಲೋಹದ ಅಂಚನ್ನು ಬಾಯಿಯ ಸುತ್ತ ಒತ್ತಿ ಬಿಗಿಸುವುದು. ಕ್ರಿಂಪಿನಲ್ಲಿ ಎಫ್‌ಇಎ 15 ಅನ್ನುವ ಅಳತೆ ಹೆಚ್ಚು ನಡೆಯುತ್ತದೆ, ಬಾಯಿಯ ಹೊರ ಅಂಚು ಸುಮಾರು 15 ಮಿ.ಮೀ. ಚಿಕ್ಕ ಬಾಟ್ಲಿಗೆ 13 ಬರುತ್ತದೆ. ವರ್ನಿಯರ್ ಇದ್ದರೆ ಒಂದು ಸಲ ಅಡ್ಡಕ್ಕೆ, ಒಂದು ಸಲ ಕಾಲು ಸುತ್ತು ತಿರುಗಿಸಿ ಅಳೆಯಿರಿ. ಎರಡೂ ಬೇರೆ ಬೇರೆ ಬಂದರೆ ಬಾಯಿ ದುಂಡಗಿಲ್ಲ, ಕ್ರಿಂಪ್ ಎಷ್ಟು ಬಿಗಿ ಮಾಡಿದರೂ ಒಂದು ಕಡೆ ಸಡಿಲ ಉಳಿಯುತ್ತದೆ.

ಮುಖ್ಯವಾದ ಪರೀಕ್ಷೆ ಸ್ಟ್ಯಾಂಪ್ ಪ್ಯಾಡಿನದು. ಖಾಲಿ ಬಾಟ್ಲಿಯ ಬಾಯಿಯನ್ನು ಪ್ಯಾಡಿಗೆ ಮೆಲ್ಲಗೆ ಒತ್ತಿ, ಗಟ್ಟಿಯಾದ ಬಿಳಿ ಹಾಳೆಯ ಮೇಲೆ ಒತ್ತಿ. ಪೂರ್ತಿ ಉಂಗುರ ಮೂಡಬೇಕು. ಎಲ್ಲೋ ಒಂದು ಕಡೆ ಖಾಲಿ ಬಿಟ್ಟರೆ ಅಲ್ಲಿ ತಗ್ಗು ಅಥವಾ ಚಕ್ಕೆ ಹೋಗಿದೆ. ಸಣ್ಣ ಗೆರೆ ಅಡ್ಡ ಹಾಯ್ದಂತೆ ಕಂಡರೆ ಅಚ್ಚಿನ ಎರಡು ಭಾಗ ಕೂಡಿದ ಜಾಗದ ಗೆರೆ ಬಾಯಿಯ ಮೇಲೆ ಬಂದಿದೆ ಅಂತ ಅರ್ಥ. ಉಗುರಿನಿಂದ ಸವರಿದರೂ ತಿಳಿಯುತ್ತದೆ. ಆ ಗೆರೆ ವಾಷರನ್ನು ಸರಿಯಾಗಿ ಕೂರಲು ಬಿಡುವುದಿಲ್ಲ.

ಇಂಥದ್ದು ಸಿಕ್ಕ ಕೂಡಲೇ ಬಾಟ್ಲಿಯ ಬುಡ ತಿರುಗಿಸಿ ನೋಡಿ. ಅಲ್ಲಿ ಒಂದು ಅಂಕಿ ಉಬ್ಬಿರುತ್ತದೆ, ಅದು ಅಚ್ಚಿನ ನಂಬರ್. ಸೋರಿದ ಬಾಟ್ಲಿಗಳ ನಂಬರೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಹೆಚ್ಚಿನವು ಒಂದೇ ನಂಬರ್ ಆದರೆ ಮುಗಿಯಿತು, ಆ ಅಚ್ಚು ಸವೆದಿದೆ. ಇಡೀ ಲಾಟ್ ಎಸೆಯಬೇಕಿಲ್ಲ, ಆ ನಂಬರಿನ ಬಾಟ್ಲಿ ಬೇರೆ ತೆಗೆದಿಡಿ. ನಂಬರುಗಳು ಕಲಸಿಕೊಂಡಿದ್ದರೆ ಅನುಮಾನ ಪಂಪಿನ ಕಡೆ ಅಥವಾ ಕ್ರಿಂಪ್ ಮಾಡುವ ಕೈಯ ಕಡೆ ತಿರುಗುತ್ತದೆ.

ಅದನ್ನೂ ಬೇರ್ಪಡಿಸಬಹುದು. ಹಳೆಯ, ಸೋರದ ಲಾಟಿನ ಬಾಟ್ಲಿಗೆ ಹೊಸ ಪಂಪ್ ಹಾಕಿ, ಹೊಸ ಬಾಟ್ಲಿಗೆ ಹಳೆಯ ಲಾಟಿನ ಪಂಪ್ ಹಾಕಿ. ಕ್ರಿಂಪ್ ಆದರೆ ಒಮ್ಮೆ ಒತ್ತಿದ ಪಂಪನ್ನು ಬಿಚ್ಚಿ ಮತ್ತೆ ಹಾಕುವಂತಿಲ್ಲ, ಹಾಗಾಗಿ ಪ್ರತಿ ಲಾಟಿನಿಂದ ಕೆಲವು ಪಂಪ್ ಎತ್ತಿಡುವ ಅಭ್ಯಾಸ ಒಳ್ಳೆಯದು. ಸೋರಿಕೆ ಪಂಪಿನ ಜೊತೆ ಹೋಯಿತೋ, ಬಾಟ್ಲಿಯ ಜೊತೆ ಉಳಿಯಿತೋ ನೋಡಿ. ಎರಡೂ ಕಡೆ ಸೋರಿದರೆ ಕ್ರಿಂಪ್ ಮಷೀನಿನ ಒತ್ತಡ ಸರಿ ಇಲ್ಲ. ಸರಿಯಾಗಿ ಕ್ರಿಂಪ್ ಆದ ಪಂಪ್ ಕೈಯಲ್ಲಿ ಹಿಡಿದು ತಿರುಗಿಸಿದರೆ ಸುಮ್ನೆ ತಿರುಗಬಾರದು.

ಪೇಪರ್ ಮೇಲೆ ಬೋರಲು ಇಟ್ಟು ರಾತ್ರಿ ಬಿಡುವುದು ಎಲ್ಲರೂ ಮಾಡುವ ಪರೀಕ್ಷೆ. ಆದರೆ ಆಲ್ಕೋಹಾಲ್ ಕಲೆ ಉಳಿಸದೆ ಹಾರಿಹೋಗುತ್ತದೆ, ಬೆಳಿಗ್ಗೆ ಪೇಪರ್ ಒಣಗಿರುತ್ತದೆ, ನೀವು ಸೋರಿಲ್ಲ ಅಂದುಕೊಳ್ಳುತ್ತೀರಿ. ಅದಕ್ಕಿಂತ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಬಾಟ್ಲಿ ಮೇಲೆ ಬರೆದು, ಒಂದು ವಾರ ಮಲಗಿಸಿಟ್ಟು ಮತ್ತೆ ತೂಗಿ. ಎಲ್ಲ ಬಾಟ್ಲಿಯಲ್ಲೂ ತುಸು ಇಳಿಯುತ್ತದೆ. ಒಂದೆರಡು ಮಾತ್ರ ಉಳಿದವಕ್ಕಿಂತ ತುಂಬಾ ಇಳಿದಿದ್ದರೆ ಕಳ್ಳ ಅಲ್ಲಿದ್ದಾನೆ.

ಖಾಲಿ ಬಾಟ್ಲಿ ಮೇಲೆ ಬಿಳಿ ಪೊರೆ

ಇದು ಮುಂಬೈಯ ಸ್ವಂತ ಕಾಯಿಲೆ ಅನ್ನಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಮೇ ತಿಂಗಳಲ್ಲಿ ತಂದಿಟ್ಟ ಬಾಟ್ಲಿಗಳ ಪೆಟ್ಟಿಗೆಯನ್ನು ಗಣೇಶ ಚೌತಿ ಹೊತ್ತಿಗೆ ತೆರೆದರೆ ಮಂಜು ಕವಿದಂತೆ ಕಾಣುತ್ತವೆ. ಜನ ಫಂಗಸ್ ಅಂದುಕೊಳ್ಳುತ್ತಾರೆ. ಅಥವಾ ಸಮುದ್ರದ ಉಪ್ಪು. ಎರಡೂ ಅಲ್ಲ, ಅದು ಗಾಜಿನದೇ ಸೋಡಿಯಂ.

ಸೋಡಾ ಲೈಮ್ ಗಾಜಿನ ಮೇಲೆ ತೇವ ಕೂತರೆ ಗಾಜಿನೊಳಗಿನ ಸೋಡಿಯಂ ಮೆಲ್ಲಗೆ ಹೊರಗೆ ಬರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಲವಣವಾಗುತ್ತದೆ. ಅಲ್ಲಿಗೆ ನಿಂತರೆ ತೊಂದರೆ ಇಲ್ಲ. ಆದರೆ ತೇವ ಒಣಗದೆ ಅಲ್ಲೇ ಉಳಿದರೆ ಅದು ಕ್ಷಾರವಾಗಿ, ಗಾಜಿನ ಸಿಲಿಕಾವನ್ನೇ ತಿನ್ನಲು ಶುರು ಮಾಡುತ್ತದೆ. ಆ ಮೇಲೆ ಏನೂ ಮಾಡಲಾಗುವುದಿಲ್ಲ.

ಯಾವ ಹಂತದಲ್ಲಿದೆ ಅಂತ ತಿಳಿಯುವುದು ಸುಲಭ. ಒದ್ದೆ ಬೆರಳಿನಿಂದ ಉಜ್ಜಿ. ಹೋದರೆ ಮೊದಲ ಹಂತ. ಬಿಸಿ ಅಲ್ಲದ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಬೋರಲು ಒಣಗಿಸಿ. ಒದ್ದೆ ಇದ್ದಾಗ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೆ ಮೇಲ್ಮೈ ಸವೆದಿದೆ. ಅಂಥದ್ದನ್ನು ಮಾರಾಟಕ್ಕೆ ಬಳಸಬೇಡಿ, ಒಳಗೂ ಹಾಗೇ ಆಗಿರಬಹುದು.

ಗಾಜು ಬದಲಿಸುವುದಕ್ಕಿಂತ ಇಡುವ ಜಾಗ ಬದಲಿಸಿ. ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ ಹಾಗೇ ಇಟ್ಟರೆ ರಾತ್ರಿ ತಂಪಿಗೆ ಒಳಗೇ ಬೆವರುತ್ತದೆ, ಅದು ಹೊರಗೆ ಹೋಗಲು ದಾರಿ ಇಲ್ಲ. ಪ್ಲಾಸ್ಟಿಕ್ ಬಿಚ್ಚಿ. ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ವಸಾಯಿ ಕಡೆಯ ಗಾಲಾಗಳಲ್ಲಿ (ಬಾಡಿಗೆಯ ಸಣ್ಣ ಕೆಲಸದ ಶೆಡ್‌ಗಳಲ್ಲಿ) ಮಳೆಗಾಲದಲ್ಲಿ ಗೋಡೆ ಒದ್ದೆ ಇರುವುದು ಹೊಸ ವಿಷಯ ಅಲ್ವಲ್ಲ. ಮೊದಲು ತಂದದ್ದು ಮೊದಲು ಖಾಲಿಯಾಗಲಿ, ಮತ್ತೆ ರೇಟ್ ಕಡಿಮೆ ಅಂತ ಮಳೆಗೆ ಮುಂಚೆ ಒಂದು ವರ್ಷದ ಬಾಟ್ಲಿ ಕೊಂಡು ಗುಡ್ಡೆ ಹಾಕಬೇಡಿ.

ಪರ್ಫ್ಯೂಮಿನ ಬಣ್ಣ ತಿರುಗುತ್ತಿದೆ

ಇಲ್ಲಿ ಗಾಜಿಗೆ ಸ್ವಲ್ಪ ಪಾತ್ರ ಇದೆ, ಪೂರ್ತಿ ಇಲ್ಲ. ಒಂದೇ ಪರ್ಫ್ಯೂಮನ್ನು ಸಣ್ಣ ಬಾಟ್ಲಿಗಳಿಗೆ ಹಾಕಿ: ಒಂದು ಸ್ವಚ್ಛ (ಬಣ್ಣವಿಲ್ಲದ) ಗಾಜು, ಒಂದು ಕಂದು ಗಾಜು, ಒಂದು ಸ್ವಚ್ಛ ಗಾಜು ಅಲ್ಯೂಮಿನಿಯಂ ಫಾಯಿಲ್ ಸುತ್ತಿದ್ದು, ಇನ್ನೊಂದು ಅದೇ ಫಾಯಿಲ್ ಸುತ್ತಿ ಅರ್ಧ ಮಾತ್ರ ತುಂಬಿಸಿದ್ದು. ಕಿಟಕಿಯಲ್ಲಿ ಎರಡು ವಾರ ಇಡಿ. ಗ್ಯಾಸ್ ಒಲೆಯ ಹತ್ತಿರ ಬೇಡ, ದೇವರ ದೀಪದ ಹತ್ತಿರವೂ ಬೇಡ. ಕಿಡಿ ಸಿಕ್ಕರೆ ಆಲ್ಕೋಹಾಲ್ ಆವಿ ಹೊತ್ತಿಕೊಳ್ಳಲು 13 ಡಿಗ್ರಿಯೇ ಸಾಕು, ಮುಂಬೈಯಲ್ಲಿ ಅಷ್ಟು ತಂಪು ಬರುವುದೇ ಅಪರೂಪ.

ಬರೀ ಸ್ವಚ್ಛ ಗಾಜಿನದು ತಿರುಗಿದರೆ ಬೆಳಕಿನ ಕೆಲಸ. ಫಾಯಿಲ್ ಸುತ್ತಿದ ಅರ್ಧ ಬಾಟ್ಲಿ ತಿರುಗಿ, ಪೂರ್ತಿ ತುಂಬಿದ್ದು ಚೆನ್ನಾಗಿದ್ದರೆ ಗಾಳಿಯ ಕೆಲಸ. ಎಲ್ಲವೂ ತಿರುಗಿದರೆ ನಿಮ್ಮ ಮಿಶ್ರಣವೇ ಹಾಗೆ. ವೆನಿಲಿನ್ (ವೆನಿಲ್ಲಾ ಪರಿಮಳದ ವಸ್ತು) ಜಾಸ್ತಿ ಇದ್ದರೆ ಕಾಲಕ್ರಮದಲ್ಲಿ ಕಂದಾಗುತ್ತದೆ, ಮಲ್ಲಿಗೆ ಬಗೆಯ ಮಿಶ್ರಣದಲ್ಲಿರುವ ಇಂಡೋಲ್, ಕಿತ್ತಳೆ ಹೂವಿನ ಮೀಥೈಲ್ ಆಂಥ್ರನಿಲೇಟ್ ಆಲ್ಡಿಹೈಡ್ ಅನ್ನುವ ಬಗೆಯ ಸುಗಂಧ ವಸ್ತುಗಳ ಜೊತೆ ಸೇರಿದರೂ ಬಣ್ಣ ಗಾಢವಾಗುತ್ತದೆ. ಯಾವ ಗಾಜೂ ಇದನ್ನು ತಡೆಯುವುದಿಲ್ಲ.

ಬೆಳಕೇ ಕಾರಣ ಅಂತ ಸಾಬೀತಾದರೆ ಕಂದು ಗಾಜು ಒಳ್ಳೆಯದು, ಸುಮಾರು 450 ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ನೀಲಿ ಬಾಟ್ಲಿ ನೋಡಲು ರಾಜನಂತಿರುತ್ತದೆ, ಆದರೆ ಆ ಕೆಲಸದಲ್ಲಿ ದಂಡ. ಇನ್ನೊಂದು ತಪ್ಪು ನಂಬಿಕೆ ಇದೆ, ಬೋರೋಸಿಲಿಕೇಟ್ ಬೆಳಕಿನಿಂದ ಕಾಪಾಡುತ್ತದೆ ಅಂತ. ಸ್ವಚ್ಛ ಬೋರೋಸಿಲಿಕೇಟ್ ಸೋಡಾ ಲೈಮ್‌ಗಿಂತ ಹೆಚ್ಚು ಅಲ್ಟ್ರಾವೈಲೆಟ್ ಒಳಗೆ ಬಿಡುತ್ತದೆ! ನನ್ನ ಕೇಳಿದರೆ ಸ್ವಚ್ಛ ಗಾಜೇ ಇರಲಿ, ಹೊರಗಿನ ರಟ್ಟಿನ ಡಬ್ಬಿಗೆ ಇನ್ನೆರಡು ರೂಪಾಯಿ ಹಾಕಿ.

ಬಣ್ಣ ಅಲ್ಲ, ದ್ರವವೇ ಮಬ್ಬಾಗಿದೆ ಅಂದರೆ ಗಾಜನ್ನು ಬಿಟ್ಟುಬಿಡಿ. ಚಳಿಗಾಲದಲ್ಲಿ ದೆಹಲಿಗೋ ಬೆಂಗಳೂರಿಗೋ ಕಳಿಸಿದ್ದು ಮಬ್ಬಾಗಿ, ಇಲ್ಲಿ ಉಳಿದದ್ದು ಚೆನ್ನಾಗಿದ್ದರೆ ಮೇಣದಂಶ ತಂಪಿಗೆ ಬೇರೆಯಾಗಿದೆ. ತುಂಬಿಸುವ ಮುಂಚೆ ಫ್ರಿಜ್‌ನಂಥ ತಂಪಿನಲ್ಲಿಟ್ಟು ಸೋಸಬೇಕಿತ್ತು.

ಮುಟ್ಟದೆಯೇ ಒಡೆಯಿತು

ಚೂರುಗಳನ್ನು ಎಸೆಯಬೇಡಿ. ಬಿರುಕುಗಳು ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಪೆಟ್ಟು ಬಿದ್ದಿದೆ, ಯಾರು ಏನೇ ಹೇಳಲಿ. ಬುಡ ಬಳೆಯಂತೆ ಒಂದೇ ಸುತ್ತಿಗೆ ಕಳಚಿದ್ದರೆ ಬಿಸಿ ತಣ್ಣನೆಯ ವ್ಯತ್ಯಾಸ. ಕುದಿಯುವ ನೀರಿನಲ್ಲಿ ಬಾಟ್ಲಿ ತೊಳೆದು ತಣ್ಣೀರಿಗೆ ಹಾಕುವವರಲ್ಲಿ ಇದು ಸಾಮಾನ್ಯ. ಸೋಡಾ ಲೈಮ್ ಬಾಟ್ಲಿ ಒಮ್ಮೆಗೆ ಸುಮಾರು 40 ಡಿಗ್ರಿ ವ್ಯತ್ಯಾಸ ತಡೆಯುತ್ತದೆ, ಬುಡ ದಪ್ಪ ಇದ್ದಷ್ಟೂ ಕಡಿಮೆ.

ಎರಡೂ ಅಲ್ಲದೆ ಕಪಾಟಿನಲ್ಲಿ ಕೂತಲ್ಲೇ ಬಿರಿದರೆ ಗಾಜಿನೊಳಗೆ ಬಿಗಿತ ಉಳಿದಿರಬಹುದು. ಅಚ್ಚಿನಿಂದ ಬಂದ ಬಾಟ್ಲಿಯನ್ನು ಸುಮಾರು 550 ಡಿಗ್ರಿಯಿಂದ ನಿಧಾನವಾಗಿ ತಣಿಸಬೇಕು, ಅವಸರ ಮಾಡಿದರೆ ಹೀಗಾಗುತ್ತದೆ. ನೋಡುವ ಉಪಾಯ ನನಗೆ ಬಹಳ ಇಷ್ಟ: ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣ ಮುಂದೆ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ನಡುವೆ ಬಾಟ್ಲಿ ಹಿಡಿಯಿರಿ. ಚೆನ್ನಾಗಿ ತಣಿದ ಬಾಟ್ಲಿ ಕಪ್ಪಾಗಿ, ಹೆಚ್ಚೆಂದರೆ ಬೂದಾಗಿ ಉಳಿಯುತ್ತದೆ. ಬುಡದಲ್ಲಿ, ಮೂಲೆಗಳಲ್ಲಿ ಬೆಳ್ಳಗೆ ಅಥವಾ ಬಣ್ಣಬಣ್ಣದ ಪಟ್ಟಿ ಹೊಳೆದರೆ ಬಿಗಿತ ಇದೆ. ಒಂದು ಒಳ್ಳೆಯ ಬಾಟ್ಲಿ ಪಕ್ಕಕ್ಕಿಟ್ಟು ಹೋಲಿಸಿ ನೋಡಿ, ಒಂದನ್ನೇ ನೋಡಿ ತೀರ್ಮಾನ ಬೇಡ.

ಸಣ್ಣಪುಟ್ಟವು

ಲೇಬಲ್ ನಿಲ್ಲುತ್ತಿಲ್ಲವಾದರೆ ಒಂದು ಹನಿ ನೀರು ಹಾಕಿ. ಮುತ್ತಿನಂತೆ ನಿಂತರೆ ಕಾರ್ಖಾನೆಯಲ್ಲಿ ಗೀರು ಬೀಳದಿರಲಿ ಅಂತ ಸಿಂಪಡಿಸಿದ ಪಾಲಿಥಿಲೀನ್ ಲೇಪ ಇದೆ. ಲೇಬಲ್ ಜಾಗವನ್ನು ಮಾತ್ರ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಬಣ್ಣದ ಅಥವಾ ಮಂಜು (ಫ್ರಾಸ್ಟೆಡ್) ಬಾಟ್ಲಿ ಕೊಳ್ಳುವಾಗ ಹತ್ತಿಯಲ್ಲಿ ನಿಮ್ಮದೇ ಪರ್ಫ್ಯೂಮ್ ಅದ್ದಿ ಗಟ್ಟಿಯಾಗಿ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಲ್ಯಾಕರ್, ಅಂದರೆ ಗಾಜಿನ ಮೇಲೆ ಬಳಿದ ಬಣ್ಣ, ಸರಿಯಾಗಿ ಕಾಯಿಸಿಲ್ಲ, ಗಿರಾಕಿಯ ಕೈಯಲ್ಲಿ ಕಿತ್ತು ಬರುತ್ತದೆ.

ಒಳಗೆ ಗಾಜಿನ ಚೂರು ಅಥವಾ ಒಂದು ಗೋಡೆಯಿಂದ ಇನ್ನೊಂದಕ್ಕೆ ಕೂದಲಿನಂಥ ಗಾಜಿನ ಎಳೆ ಕಂಡರೆ ಯೋಚನೆಯೇ ಬೇಡ, ಆ ಲಾಟ್ ಅಲ್ಲೇ ನಿಲ್ಲಿಸಿ. ತೊಳೆದು ಬಳಸುತ್ತೇನೆ ಅನ್ನಬೇಡಿ.

ಹಾಗಾದರೆ ಬೋರೋಸಿಲಿಕೇಟ್ ಯಾವಾಗ?

ಆಲ್ಕೋಹಾಲ್ ಇಲ್ಲದ, ನೀರೇ ಮುಖ್ಯವಾದ ಮಿಸ್ಟ್ ಮಾಡುತ್ತಿದ್ದರೆ ಯೋಚಿಸಿ. ಗಾಜಿನಿಂದ ಸೋಡಿಯಂ ಎಳೆಯುವುದು ನೀರು, ಆಲ್ಕೋಹಾಲ್ ಅಲ್ಲ. ಬಾಟ್ಲಿ ಚಿಕ್ಕದಾದಷ್ಟೂ ಒಂದು ಹನಿ ದ್ರವಕ್ಕೆ ತಾಗುವ ಗಾಜು ಜಾಸ್ತಿ, ಹಾಗಾಗಿ 2 ಮಿ.ಲೀ. ಸ್ಯಾಂಪಲ್ ಟ್ಯೂಬುಗಳಲ್ಲೂ ಇದಕ್ಕೆ ಅರ್ಥ ಇದೆ. ಪರೀಕ್ಷಿಸಲು ಡಿಸ್ಟಿಲ್ಡ್ ನೀರು ತುಂಬಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಕೆಲವು ವಾರ ಇಟ್ಟು, ಪಿಎಚ್ ಪಟ್ಟಿ ಅದ್ದಿ. ಪ್ಲಾಸ್ಟಿಕ್ ಬಾಟ್ಲಿಯಲ್ಲಿಟ್ಟ ಅದೇ ನೀರಿಗಿಂತ ಕ್ಷಾರದ ಕಡೆ ಸ್ಪಷ್ಟವಾಗಿ ಸರಿದಿದ್ದರೆ ಗಾಜು ಬದಲಿಸಿ. ಮಾಮೂಲಿ ಆಲ್ಕೋಹಾಲ್ ಪರ್ಫ್ಯೂಮಿಗೆ, ಎಣ್ಣೆಯ ಅತ್ತರಿಗೆ ಸೋಡಾ ಲೈಮ್ ಸಾಕು. ಆ ದುಡ್ಡನ್ನು ಒಳ್ಳೆಯ ಪಂಪಿಗೆ ಹಾಕಿ.

ಡೀಲರ್ ಹತ್ತಿರ ಲಾಟ್ ವಾಪಸ್ ಕೊಡಲು ಹೋಗುವಾಗ ಬರಿ ಮಾತು ನಡೆಯುವುದಿಲ್ಲ. ಅಚ್ಚಿನ ನಂಬರಿನ ಪಟ್ಟಿ, ಸ್ಟ್ಯಾಂಪ್ ಪ್ಯಾಡಿನ ಉಂಗುರಗಳ ಹಾಳೆ, ತೂಕದ ಲೆಕ್ಕ, ತುಂಬಿಸದ ಕೆಲವು ಬಾಟ್ಲಿ ಒಯ್ಯಿರಿ. ತುಂಬಿಸಿದ್ದನ್ನು ಒಯ್ದರೆ "ನಿಮ್ಮ ಮಾಲಿನದೇ ತಪ್ಪು" ಅನ್ನುತ್ತಾರೆ. ವಾಪಸ್ ತೆಗೆದುಕೊಳ್ಳದಿದ್ದರೆ ಭಂಗಾರಿನವರಿಗೆ (ಗುಜರಿಯವರಿಗೆ) ಹಾಕುವಾಗ ಬೋರೋಸಿಲಿಕೇಟನ್ನು ಬೇರೆ ಚೀಲದಲ್ಲಿ ಹಾಕಿ, ಅದು ಸೋಡಾ ಲೈಮ್ ಜೊತೆ ಒಂದೇ ಕುಲುಮೆಯಲ್ಲಿ ಸರಿಯಾಗಿ ಕರಗುವುದಿಲ್ಲ.